ಸಿಸ್ಟಂ ಲಾಕ್ ಆದ ಮರುದಿನ ಬೆಳಿಗ್ಗೆ ಏನು ಮಾಡುತ್ತೀರಿ?

ಸೈಬರ್ ದಾಳಿ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ, ತಡೆಯೋದು ಹೇಗೆ ಅಂತ. ಯಾವ ಆಂಟಿವೈರಸ್ ಒಳ್ಳೆಯದು, ಪಾಸ್‌ವರ್ಡ್ ಎಷ್ಟು ಉದ್ದ ಇರಬೇಕು, ಫೈರ್‌ವಾಲ್‌ಗೆ ಎಷ್ಟು ಖರ್ಚಾಗುತ್ತದೆ. ಕೇಳಬೇಕಾದ ಪ್ರಶ್ನೆಗಳೇ. ಆದರೆ ನಾನು ಸಣ್ಣ ಕಾರ್ಖಾನೆ, ಅಂಗಡಿ, ಆಫೀಸುಗಳ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನನಗೆ ಜಾಸ್ತಿ ಕಾಡುವ ಪ್ರಶ್ನೆ ಬೇರೆ. ದಾಳಿ ಆಗಿಯೇ ಹೋಯಿತು ಅಂತಿಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ಶಟರ್ ಎತ್ತಿದಾಗ ಕೆಲಸ ನಡೆಯುತ್ತದಾ? ಯಾರಿಗೆ ಎಷ್ಟು ಮಾಲು ಕಳಿಸಬೇಕು, ಯಾರಿಂದ ಎಷ್ಟು ದುಡ್ಡು ಬರಬೇಕು, ಕೆಲಸಗಾರರಿಗೆ ಎಷ್ಟು ಸಂಬಳ ಬಾಕಿ, ಇದೆಲ್ಲ ಕಂಪ್ಯೂಟರ್ ಇಲ್ಲದೆ ಯಾರಿಗಾದರೂ ಗೊತ್ತಾ?

ನಾನು ಕೇಳಿದ ಕಡೆಯಲ್ಲೆಲ್ಲ ಬಹಳ ಸಲ ಉತ್ತರ ಮೌನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ವಿಷಯ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದು ನಾರ್ವೆಯ ಒಂದು ಕಂಪನಿಯ ಕಥೆ ಓದಿದ ಮೇಲೆ. ನಾರ್ಸ್ಕ್ ಹೈಡ್ರೋ ಅಂತ, ಅಲ್ಯೂಮಿನಿಯಂ ತಯಾರಿಸುವವರು. 40 ದೇಶಗಳಲ್ಲಿ ವ್ಯವಹಾರ, ಸುಮಾರು 35,000 ನೌಕರರು. 2019ರ ಮಾರ್ಚ್ 19ರ ಬೆಳಗಿನ ಹೊತ್ತಿಗೆ ಅವರ ಕಂಪ್ಯೂಟರ್‌ಗಳು ಸಾಲಾಗಿ ಲಾಕ್ ಆಗಿದ್ದವು. ಲಾಕರ್‌ಗೋಗಾ ಅನ್ನುವ ರಾನ್ಸಮ್‌ವೇರ್. ಫೈಲು ಇದೆ, ಆದರೆ ತೆಗೆಯಲು ಆಗುವುದಿಲ್ಲ, ತೆಗೆಯಬೇಕಾದರೆ ಬಿಟ್‌ಕಾಯಿನ್ ಕೊಡಿ ಅಂತ ಸ್ಕ್ರೀನ್ ಮೇಲೆ ಒಂದು ಚೀಟಿ. 170 ಜಾಗಗಳಲ್ಲಿ ಸುಮಾರು 22,000 ಕಂಪ್ಯೂಟರ್‌ಗಳು ಹೋದವು. ಕಳ್ಳರು ಒಳಗೆ ಬಂದಿದ್ದು ಅವತ್ತಲ್ಲ. ಅದಕ್ಕೂ ಸುಮಾರು ಮೂರು ತಿಂಗಳ ಮೊದಲು, ಪರಿಚಯದ ಗ್ರಾಹಕರ ಕಡೆಯಿಂದ ಬಂದ ಒಂದು ಇಮೇಲ್ ಅಟ್ಯಾಚ್‌ಮೆಂಟ್ ಮೂಲಕ. ಅಷ್ಟು ದಿನ ಒಳಗೇ ಓಡಾಡಿಕೊಂಡು, ಎಲ್ಲೆಲ್ಲಿ ಏನೇನಿದೆ ನೋಡಿಕೊಂಡು, ಆಮೇಲೆ ಬೀಗ ಹಾಕಿದರು.

ಹೈಡ್ರೋದವರು ದುಡ್ಡು ಕೊಡಲಿಲ್ಲ. ಆಫೀಸಿನ ಬಾಗಿಲಿಗೆ ಕಾಗದ ಅಂಟಿಸಿದರು, ಯಾವುದನ್ನೂ ನೆಟ್‌ವರ್ಕ್‌ಗೆ ಜೋಡಿಸಬೇಡಿ ಅಂತ. ಅವತ್ತೇ ಪತ್ರಕರ್ತರನ್ನು ಕರೆದು ನಡೆದಿದ್ದನ್ನು ಹೇಳಿಬಿಟ್ಟರು. ಕಾರ್ಖಾನೆಗಳನ್ನು ಪೆನ್ನು, ಪೇಪರ್ ಹಿಡಿದು ನಡೆಸಿದರು. ನನಗೆ ತುಂಬಾ ಹಿಡಿಸಿದ್ದು ಇದು: ನಿವೃತ್ತರಾಗಿ ಮನೆಯಲ್ಲಿದ್ದ ಹಳೆಯ ನೌಕರರು ವಾಪಸ್ ಬಂದು ಸಹಾಯಕ್ಕೆ ನಿಂತರು. ಕಂಪ್ಯೂಟರ್ ಬರುವುದಕ್ಕಿಂತ ಮೊದಲು ಈ ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದು ಅವರಿಗೆ ಗೊತ್ತಿತ್ತು. ಅಷ್ಟಾದರೂ ನಷ್ಟ ಸುಮಾರು 7 ಕೋಟಿ ಡಾಲರ್ ಆಯಿತು. ಆದರೆ ಕಂಪನಿ ಉಳಿಯಿತು, ಮರ್ಯಾದೆಯೂ ಉಳಿಯಿತು.

ಸಾಫ್ಟ್‌ವೇರ್ ಹಾಕಿಸಿದ ಮೇಲೆ ನಾವು ಮೊದಲು ಮಾಡುವ ಕೆಲಸವೇ ಹಳೆಯ ರಿಜಿಸ್ಟರ್ ಎಸೆಯುವುದು. ಜೊತೆಗೆ ಹಳೆಯ ಗುಮಾಸ್ತರನ್ನೂ ಮನೆಗೆ ಕಳಿಸುತ್ತೇವೆ. ಇಪ್ಪತ್ತು ವರ್ಷ ಸ್ಟೋರ್ಸ್ ನೋಡಿಕೊಂಡವರಿಗೆ ಯಾವ ಪಾರ್ಟಿಗೆ ಯಾವ ರೇಟು, ಯಾವ ಮಾಲು ಯಾವ ರ‍್ಯಾಕ್‌ನಲ್ಲಿ ಅನ್ನುವುದೆಲ್ಲ ಬಾಯಲ್ಲೇ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳುವ ವ್ಯವಧಾನ ನಮಗಿರುವುದಿಲ್ಲ.

ಇದೇ ಮಾತು ಕರೆಂಟಿಗೂ ಅನ್ವಯಿಸುತ್ತದೆ. 2015ರ ಡಿಸೆಂಬರ್ 23ರಂದು ಯುಕ್ರೇನ್‌ನಲ್ಲಿ ಮೂರು ವಿದ್ಯುತ್ ಕಂಪನಿಗಳ ಮೇಲೆ ಒಟ್ಟಿಗೆ ದಾಳಿ ಆಯಿತು. ಕಂಟ್ರೋಲ್ ರೂಮಿನಲ್ಲಿ ಕೂತಿದ್ದವರ ಕಣ್ಣೆದುರೇ ಮೌಸ್ ತಾನಾಗಿ ಓಡಾಡಿ ಒಂದೊಂದೇ ಬ್ರೇಕರ್ ಆಫ್ ಮಾಡುತ್ತಾ ಹೋಯಿತು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು, ಅದೂ ಚಳಿಗಾಲದಲ್ಲಿ. ಜನ ದೂರು ಕೊಡಲು ಫೋನ್ ಮಾಡಿದರೆ ಲೈನ್ ಸಿಗದ ಹಾಗೆ ಕಾಲ್ ಸೆಂಟರ್‌ಗೆ ಸುಳ್ಳು ಕರೆಗಳ ಸುರಿಮಳೆ ಬೇರೆ. ದೂರದಿಂದ ಸ್ವಿಚ್ ಆನ್ ಮಾಡಲು ಆಗಬಾರದು ಅಂತ ಸಬ್‌ಸ್ಟೇಷನ್‌ಗಳ ಸಂಪರ್ಕದ ಉಪಕರಣಗಳನ್ನೂ ಕೆಡಿಸಿದ್ದರು. ಶುರುವಾಗಿದ್ದು ಎಲ್ಲಿಂದ ಅಂದರೆ, ಆಫೀಸಿಗೆ ಬಂದ ಒಂದು ವರ್ಡ್ ಫೈಲಿನಿಂದ.

ಆದರೂ ಆರು ಗಂಟೆಯೊಳಗೆ ಎಲ್ಲ ಕಡೆ ಕರೆಂಟ್ ಬಂತು. ಹೇಗೆ? ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೇ ಹೋಗಿ ಕೈಯಿಂದ ಬ್ರೇಕರ್ ಹಾಕಿದರು. ಅಲ್ಲಿ ಕೈಯಿಂದ ಹಾಕುವ ವ್ಯವಸ್ಥೆ ಇನ್ನೂ ಇತ್ತು, ಹಾಕಲು ಬರುವ ಜನರೂ ಇದ್ದರು. ಅವೆರಡರಲ್ಲಿ ಒಂದು ಇಲ್ಲದಿದ್ದರೂ ಆ ರಾತ್ರಿ ಕತ್ತಲಲ್ಲೇ ಕಳೆಯಬೇಕಿತ್ತು. ನಮ್ಮ ಕಡೆಯೂ ಸಬ್‌ಸ್ಟೇಷನ್‌ಗಳನ್ನು ದೂರದಿಂದ ನಡೆಸುವುದು, ಸ್ಮಾರ್ಟ್ ಮೀಟರ್ ಹಾಕುವುದು ನಡೆಯುತ್ತಿದೆ. ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಜಾಗಕ್ಕೆ ಹೋಗಿ ಕೈಯಿಂದ ಲೈನ್ ಚಾರ್ಜ್ ಮಾಡಬಲ್ಲ ಅನುಭವಸ್ಥರ ಸಂಖ್ಯೆ ಕಡಿಮೆ ಆಗಬಾರದು. ಅವರ ಸಂಬಳವನ್ನು ಉಳಿತಾಯ ಅಂತ ಲೆಕ್ಕ ಹಾಕಬಾರದು.

ಈಗ ನಮ್ಮ ದೇಶಕ್ಕೇ ಬರೋಣ. 2022ರ ನವೆಂಬರ್ 23ರ ಬೆಳಿಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ನಿಂತವು. ದಿನಕ್ಕೆ ಸಾವಿರಾರು ರೋಗಿಗಳು ದೇಶದ ಮೂಲೆಮೂಲೆಯಿಂದ ಬರುವ ಜಾಗ ಅದು. ಓಪಿಡಿ ಚೀಟಿ, ಲ್ಯಾಬ್ ರಿಪೋರ್ಟ್, ಬಿಲ್, ಅಡ್ಮಿಷನ್, ಎಲ್ಲವೂ ಕೈಬರಹಕ್ಕೆ ಇಳಿಯಿತು. ಹಾಗೆ ಎರಡು ವಾರದ ಹತ್ತಿರ ನಡೆಯಿತು. ಐದು ಸರ್ವರ್‌ಗಳು, ಸುಮಾರು 1.3 ಟೆರಾಬೈಟ್ ಮಾಹಿತಿ ಲಾಕ್ ಆಗಿತ್ತು ಅಂತ ಸರ್ಕಾರ ಆಮೇಲೆ ಸಂಸತ್ತಿನಲ್ಲಿ ಹೇಳಿತು. ಕಾರಣವನ್ನೂ ಹೇಳಿತು. ನೆಟ್‌ವರ್ಕ್ ಅನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ. ಅಂದರೆ ಒಂದು ಕಡೆ ಹೊಕ್ಕವರು ಬೇರೆ ಕಡೆಗೂ ಸರಾಗವಾಗಿ ಹೋಗಬಹುದಿತ್ತು. ಒಂದೇ ಸಮಾಧಾನ ಅಂದರೆ, ದಾಳಿ ತಲುಪದ ಒಂದು ಬ್ಯಾಕಪ್ ಸರ್ವರ್ ಉಳಿದಿತ್ತು. ಅದರಿಂದಲೇ ಇ-ಹಾಸ್ಪಿಟಲ್ ಮಾಹಿತಿಯನ್ನು ಹೊಸ ಸರ್ವರ್‌ಗಳಿಗೆ ತಂದರು. ಅದೂ ಹೋಗಿದ್ದರೆ ಅಷ್ಟೂ ರೋಗಿಗಳ ಹಳೆಯ ದಾಖಲೆಗಳ ಗತಿ ಏನಾಗುತ್ತಿತ್ತು ಯೋಚಿಸಿ.

ಹೀಗೆ ಒಂದೇ ಒಂದು ಪ್ರತಿ ಉಳಿದು ಇಡೀ ಕಂಪನಿಯನ್ನು ಎತ್ತಿ ನಿಲ್ಲಿಸಿದ ಇನ್ನೊಂದು ಉದಾಹರಣೆ ಇದೆ, ಡೆನ್ಮಾರ್ಕ್‌ನ ಹಡಗು ಕಂಪನಿ ಮಾರ್ಸ್ಕ್. 2017ರ ಜೂನ್ 27. ಯುಕ್ರೇನ್‌ನಲ್ಲಿ ಬಹಳಷ್ಟು ಕಂಪನಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಎಂ.ಇ.ಡಾಕ್ ಅನ್ನುವ ಅಕೌಂಟಿಂಗ್ ಸಾಫ್ಟ್‌ವೇರ್‌ನ ಅಪ್‌ಡೇಟ್ ಒಳಗೆ ನಾಟ್‌ಪೆಟ್ಯ ಅನ್ನುವ ವೈರಸ್ ಸೇರಿಸಿ ಬಿಟ್ಟಿದ್ದರು. ನೋಡಲು ರಾನ್ಸಮ್‌ವೇರ್ ಥರ, ಆದರೆ ದುಡ್ಡು ಕೊಟ್ಟರೂ ಫೈಲು ಬರುತ್ತಿರಲಿಲ್ಲ. ಹಾಳು ಮಾಡುವುದೇ ಉದ್ದೇಶ. ಗುರಿ ಯುಕ್ರೇನ್ ಆಗಿದ್ದರೂ ಅದು ಜಗತ್ತೆಲ್ಲ ಹರಡಿತು. ನಮ್ಮ ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಮಾರ್ಸ್ಕ್ ಗುಂಪು ನಡೆಸುವ ಟರ್ಮಿನಲ್ ಕೂಡ ನಿಂತುಹೋಯಿತು. ಎಲ್ಲೋ ಕೀವ್‌ನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ಇಲ್ಲಿ ಕಂಟೇನರ್ ಲಾರಿಗಳು ಕಾಯಬೇಕಾಯಿತು.

ಮಾರ್ಸ್ಕ್‌ನ ಇಡೀ ನೆಟ್‌ವರ್ಕ್‌ನಲ್ಲಿ ಯಾರು ಯಾರು, ಯಾರಿಗೆ ಯಾವ ಅನುಮತಿ ಅನ್ನುವ ಮಾಹಿತಿ ಇಟ್ಟುಕೊಳ್ಳುವ ಡೊಮೇನ್ ಕಂಟ್ರೋಲರ್ ಸರ್ವರ್‌ಗಳು ಸುಮಾರು 150 ಇದ್ದವು. ಒಂದು ಹೋದರೆ ಇನ್ನೊಂದರಿಂದ ತರಬಹುದು ಅನ್ನುವ ಲೆಕ್ಕಾಚಾರ. ಎಲ್ಲವೂ ಒಟ್ಟಿಗೆ ಹೋಗಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. ಉಳಿದಿದ್ದು ಒಂದೇ, ಘಾನಾ ದೇಶದ ಆಫೀಸಿನದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ಆಫ್ ಆಗಿತ್ತು! ಅದರ ಮಾಹಿತಿಯನ್ನು ಇಂಟರ್ನೆಟ್‌ನಲ್ಲಿ ಕಳಿಸಲು ದಿನಗಟ್ಟಲೆ ಬೇಕಾಗುತ್ತಿತ್ತು. ಎಲ್ಲವನ್ನೂ ಮತ್ತೆ ಕಟ್ಟುವ ಕೆಲಸ ನಡೆಯುತ್ತಿದ್ದ ಇಂಗ್ಲೆಂಡಿಗೆ ಹೋಗೋಣ ಅಂದರೆ ಘಾನಾದ ಸಿಬ್ಬಂದಿಗೆ ವೀಸಾ ಇರಲಿಲ್ಲ. ಕೊನೆಗೆ ಅಲ್ಲಿಂದ ಒಬ್ಬರು ನೈಜೀರಿಯಾಗೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಹಾರ್ಡ್ ಡಿಸ್ಕ್ ಕೊಟ್ಟು, ಅವರು ಅದನ್ನು ಲಂಡನ್‌ಗೆ ಒಯ್ದರು. ಆಮೇಲೆ ಹತ್ತು ದಿನದಲ್ಲಿ 45,000 ಕಂಪ್ಯೂಟರ್, 4,000 ಸರ್ವರ್‌ಗಳನ್ನು ಹೊಸದಾಗಿ ಕಟ್ಟಿದರು. ನಷ್ಟ 25ರಿಂದ 30 ಕೋಟಿ ಡಾಲರ್.

ಅಷ್ಟು ದೊಡ್ಡ ಕಂಪನಿಯನ್ನು ಉಳಿಸಿದ್ದು ಒಂದು ಪವರ್ ಕಟ್. ಈ ಕಥೆ ಓದಿದವರು ಅದೃಷ್ಟ ನೋಡಿ ಅಂತ ಹೇಳಿ ಸುಮ್ನೆ ಮುಂದೆ ಹೋಗುತ್ತಾರೆ. ಅಲ್ಲಿ ತಾನಾಗಿ ಆಗಿದ್ದನ್ನು ನಾವು ಬೇಕೆಂದೇ ಮಾಡಿಕೊಳ್ಳಬಹುದು ಅಲ್ವಾ? ಒಂದು ಪ್ರತಿಯನ್ನು ಯಾವಾಗಲೂ ವೈರಿನಿಂದ ಕಿತ್ತು ಇಡುವುದು, ಅಷ್ಟೇ. ಹತ್ತು ಜನರ ಆಫೀಸಿಗೂ ಇದು ಸಾಧ್ಯ, ಖರ್ಚು ಒಂದೆರಡು ಹಾರ್ಡ್ ಡಿಸ್ಕಿನದು.

ನಾನು ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಹೆಸರು, ಊರು ಬೇಡ. ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಘಟಕ. ಎಲ್ಲ ಲೆಕ್ಕ ಟ್ಯಾಲಿಯಲ್ಲಿ, ಡ್ರಾಯಿಂಗ್‌ಗಳೆಲ್ಲ ಒಂದು ಸರ್ವರ್‌ನಲ್ಲಿ. ಮನೆಯಿಂದ ಕೆಲಸ ಮಾಡಲು ಅನುಕೂಲ ಆಗಲಿ ಅಂತ ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟಿದ್ದರು, ಪಾಸ್‌ವರ್ಡ್ ಕಂಪನಿಯ ಹೆಸರಿನ ಜೊತೆ ಒಂದು ಇಸವಿ. ಬ್ಯಾಕಪ್ ಇತ್ತು, ದಿನಾ ರಾತ್ರಿ ತಾನಾಗಿ ಆಗುತ್ತಿತ್ತು. ಆದರೆ ಬ್ಯಾಕಪ್ ಡಿಸ್ಕ್ ಹಗಲು ರಾತ್ರಿ ಅದೇ ಸರ್ವರ್‌ಗೆ ಸಿಕ್ಕಿಸಿಕೊಂಡೇ ಇತ್ತು. ಮನೆಯ ಬೀಗದ ಎರಡು ಕೀಲಿಯನ್ನೂ ಒಂದೇ ಗೊಂಚಲಿಗೆ ಹಾಕಿಟ್ಟ ಹಾಗೆ. ರಾನ್ಸಮ್‌ವೇರ್ ಬಿಡುವವರು ಮೊದಲು ಹುಡುಕುವುದೇ ಬ್ಯಾಕಪ್ ಎಲ್ಲಿದೆ ಅಂತ. ಎರಡೂ ಒಟ್ಟಿಗೆ ಲಾಕ್ ಆದವು.

ಅವರು ಮತ್ತೆ ಎದ್ದು ನಿಂತ ರೀತಿ ಮಾತ್ರ ಎಲ್ಲರೂ ತಿಳಿದುಕೊಳ್ಳಬೇಕಾದದ್ದು. ಮಾರಾಟದ ಬಿಲ್‌ಗಳ ವಿವರ ಜಿಎಸ್‌ಟಿ ಪೋರ್ಟಲ್‌ನಲ್ಲೇ ಇತ್ತು. ಜಿಎಸ್‌ಟಿಆರ್-1 ಅನ್ನುವ ಮಾರಾಟದ ರಿಟರ್ನ್‌ನಲ್ಲಿ ಬೇರೆ ವ್ಯಾಪಾರಿಗಳಿಗೆ ಮಾಡಿದ ಮಾರಾಟ ಬಿಲ್ ನಂಬರ್ ಸಮೇತ ಸಿಗುತ್ತದೆ, ಜಿಎಸ್‌ಟಿಆರ್-2ಬಿ ಅನ್ನುವ ಪಟ್ಟಿಯಲ್ಲಿ ಖರೀದಿ ಸಿಗುತ್ತದೆ. ಆಡಿಟರ್ ಆಫೀಸಿನಲ್ಲಿ ಮಾರ್ಚ್‌ವರೆಗಿನ ಟ್ಯಾಲಿ ಡೇಟಾದ ಒಂದು ಪ್ರತಿ ಇತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ತಂದರು. ಡ್ರಾಯಿಂಗ್‌ಗಳನ್ನು ಗ್ರಾಹಕರಿಗೆ ಕಳಿಸಿದ್ದ ಹಳೆಯ ಇಮೇಲ್‌ಗಳಿಂದ ಹೆಕ್ಕಿದರು. ಇವೆಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಸ್ಟೋರ್ಸ್‌ನಲ್ಲಿದ್ದ ಕೈಬರಹದ ಡೆಲಿವರಿ ಚಲನ್ ಪುಸ್ತಕ ಮತ್ತು ಗೇಟಿನಲ್ಲಿ ಸೆಕ್ಯೂರಿಟಿಯವರು ಬರೆಯುತ್ತಿದ್ದ ರಿಜಿಸ್ಟರ್. ಯಾವ ಗಾಡಿ ಯಾವತ್ತು ಏನು ಹೊತ್ತು ಹೋಯಿತು ಅನ್ನುವುದು ಅದರಲ್ಲಿತ್ತು. ಕಂಪ್ಯೂಟರ್ ಇರುವಾಗ ಇದೆಲ್ಲ ಯಾಕೆ ಅಂತ ಆ ರಿಜಿಸ್ಟರ್ ನಿಲ್ಲಿಸುವ ಮಾತು ಆ ವರ್ಷವೇ ನಡೆದಿತ್ತಂತೆ.

ದುಡ್ಡು ಕೊಟ್ಟು ಬಿಡಿಸಿಕೊಂಡರೆ ಮುಗಿಯಿತಲ್ಲ ಅಂತ ಅನೇಕರು ಕೇಳುತ್ತಾರೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಹಾಗೇ ಮಾಡಿತು. ಪೂರ್ವ ಕರಾವಳಿಗೆ ಬೇಕಾದ ಇಂಧನದಲ್ಲಿ ಸುಮಾರು 45 ಶೇಕಡಾ ಸಾಗಿಸುವ ಪೈಪ್‌ಲೈನ್ ಅದು. ಹೊರಗಿನಿಂದ ಕಂಪನಿಯ ನೆಟ್‌ವರ್ಕ್‌ಗೆ ಸೇರಲು ಇದ್ದ, ಯಾರೂ ಬಳಸದ ಒಂದು ಹಳೆಯ ವಿಪಿಎನ್ ಖಾತೆ, ಅದಕ್ಕೆ ಓಟಿಪಿ ಥರದ ಎರಡನೇ ಹಂತ ಇರಲಿಲ್ಲ, ಪಾಸ್‌ವರ್ಡ್ ಸೋರಿಹೋಗಿತ್ತು. ಅಷ್ಟು ಸಾಕಾಯಿತು. ಕಂಪನಿ 75 ಬಿಟ್‌ಕಾಯಿನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಕಳ್ಳರು ಬಿಡಿಸುವ ಸಾಫ್ಟ್‌ವೇರ್ ಕಳಿಸಿದರು ಕೂಡ. ಅದು ಎಷ್ಟು ನಿಧಾನ ಇತ್ತೆಂದರೆ ಕಂಪನಿಯವರು ತಮ್ಮದೇ ಬ್ಯಾಕಪ್ ತೆಗೆದು ಕೆಲಸ ಮುಂದುವರಿಸಿದರು. ಕೊಟ್ಟ ಬಿಟ್‌ಕಾಯಿನ್‌ನಲ್ಲಿ ಒಂದಷ್ಟನ್ನು ಆಮೇಲೆ ಎಫ್‌ಬಿಐ ವಾಪಸ್ ಹಿಡಿಯಿತು. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ.

ಇನ್ನೊಂದು ವಿಷಯವನ್ನೂ ನೇರವಾಗಿ ಹೇಳಬೇಕು. ಈಗಿನ ಕಳ್ಳರು ಲಾಕ್ ಮಾಡುವ ಮೊದಲು ಮಾಹಿತಿಯನ್ನು ನಕಲು ಮಾಡಿಕೊಂಡು ಹೋಗುತ್ತಾರೆ. ದುಡ್ಡು ಕೊಡದಿದ್ದರೆ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇವೆ ಅಂತ ಬೆದರಿಸುತ್ತಾರೆ. ಇದಕ್ಕೆ ಬ್ಯಾಕಪ್ ಉತ್ತರ ಅಲ್ಲ. ಅದಕ್ಕೇ ಬೇಡದ ಮಾಹಿತಿಯನ್ನು ಇಟ್ಟುಕೊಳ್ಳಲೇಬಾರದು. ಹತ್ತು ವರ್ಷದ ಹಿಂದೆ ಕೆಲಸ ಬಿಟ್ಟವರ ಆಧಾರ್, ಪ್ಯಾನ್ ಸ್ಕ್ಯಾನ್‌ಗಳು ಎಷ್ಟು ಆಫೀಸುಗಳ ಕಂಪ್ಯೂಟರ್‌ನಲ್ಲಿ ಹಾಗೇ ಬಿದ್ದಿವೆ! 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯಲ್ಲಿ, ಇಂಥ ಮಾಹಿತಿಗೆ ಸರಿಯಾದ ರಕ್ಷಣೆ ಕೊಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ನಾವೆಷ್ಟೇ ಹುಷಾರಾಗಿದ್ದರೂ ನಮ್ಮ ಕೆಲಸ ನಿಲ್ಲಬಹುದು, ಯಾಕೆಂದರೆ ಎಲ್ಲರೂ ಇನ್ನೊಬ್ಬರ ಸರ್ವರ್ ಮೇಲೆ ನಿಂತಿದ್ದೇವೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಅನ್ನುವ ಕಂಪನಿಗೆ ರಾನ್ಸಮ್‌ವೇರ್ ತಗುಲಿತು. ಹೆಸರು ಕೇಳಿರಲಿಕ್ಕಿಲ್ಲ. ಸಹಕಾರಿ ಬ್ಯಾಂಕ್, ಗ್ರಾಮೀಣ ಬ್ಯಾಂಕ್‌ಗಳಿಗೆ ಬೇಕಾದ ತಂತ್ರಾಂಶ ಒದಗಿಸುವ ಕಂಪನಿ ಅದು. ಬೇರೆಯವರಿಗೆ ಹರಡದಿರಲಿ ಅಂತ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಕೈಕೊಟ್ಟವು. ಮೂಲ ಹುಡುಕಿದ ಬೆಂಗಳೂರಿನ ಕ್ಲೌಡ್‌ಸೆಕ್ ಕಂಪನಿ ಹೇಳಿದ್ದು, ಸಿ-ಎಡ್ಜ್ ಜೊತೆ ಕೆಲಸ ಮಾಡುವ ಮತ್ತೊಂದು ಕಂಪನಿಯ ಸರಿಯಾಗಿ ಸೆಟ್ ಮಾಡದ ಒಂದು ಸರ್ವರ್‌ನಿಂದ ಇದು ಶುರುವಾಯಿತು ಅಂತ. ಬ್ಯಾಂಕಿಗೆ ಕಂಪನಿ, ಆ ಕಂಪನಿಗೆ ಇನ್ನೊಂದು ಕಂಪನಿ. ಹಳ್ಳಿಯಲ್ಲಿ ಹಾಲಿನ ದುಡ್ಡು ತೆಗೆಯಲು ಎಟಿಎಂ ಮುಂದೆ ನಿಂತವರಿಗೆ ಈ ಸರಪಳಿ ಕಾಣುವುದೇ ಇಲ್ಲ.

ದೊಡ್ಡವರು ಬಿದ್ದಾಗ ಸಣ್ಣವರ ಪಾಡು ಇನ್ನೂ ಕಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಟಾಟಾ ಮೋಟಾರ್ಸ್ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್‌ನ ಬ್ರಿಟನ್ ಕಾರ್ಖಾನೆಗಳು ಸೈಬರ್ ದಾಳಿಯಿಂದಾಗಿ ಸುಮಾರು ಐದು ವಾರ ನಿಂತವು. ಬ್ರಿಟನ್‌ನ ಸೈಬರ್ ಮಾನಿಟರಿಂಗ್ ಸೆಂಟರ್ ಅಂದಾಜು ಮಾಡಿದ ನಷ್ಟ 190 ಕೋಟಿ ಪೌಂಡ್, ತೊಂದರೆಗೊಳಗಾದ ಸಂಸ್ಥೆಗಳು 5,000ಕ್ಕೂ ಜಾಸ್ತಿ. ಅವುಗಳಲ್ಲಿ ಬಿಡಿಭಾಗ ಪೂರೈಸುವವರು ಎಷ್ಟೋ ಜನ. ಅವರ ಕಂಪ್ಯೂಟರ್‌ಗೆ ಏನೂ ಆಗಿರಲಿಲ್ಲ, ಆರ್ಡರ್ ಬರುವುದು ಮಾತ್ರ ನಿಂತಿತ್ತು. ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಒಂದೇ ದೊಡ್ಡ ಗ್ರಾಹಕರನ್ನು ನಂಬಿ ಜಾಬ್ ವರ್ಕ್ ಮಾಡುವವರು ಇದನ್ನು ಗಮನಿಸಬೇಕು. ಐದು ವಾರ ಆರ್ಡರ್ ಬರದಿದ್ದರೆ ಸಂಬಳ ಕೊಡಲು ಕೈಯಲ್ಲಿ ದುಡ್ಡಿದೆಯಾ?

ಇನ್ನು ನಮ್ಮ ಕಾವೇರಿ 2.0. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಆ ತಂತ್ರಾಂಶಕ್ಕೆ ಸುಳ್ಳು ಖಾತೆಗಳಿಂದ ಲೆಕ್ಕವಿಲ್ಲದಷ್ಟು ಕೋರಿಕೆಗಳನ್ನು ಸುರಿದು ಉಸಿರುಗಟ್ಟಿಸಿದರು. ಸಬ್ ರಿಜಿಸ್ಟ್ರಾರ್ ಆಫೀಸುಗಳಲ್ಲಿ ಕೆಲಸ ಕುಂಟಿತು, ಸರ್ಕಾರ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಸಾಲ ಮಾಡಿ ಸೈಟು ಕೊಂಡು, ದೂರದ ಊರಿಂದ ಸಾಕ್ಷಿಗಳನ್ನು ಕರೆತಂದು ನಿಂತವರಿಗೆ ಸರ್ವರ್ ಡೌನ್ ಅಂದರೆ ಅದು ಎಷ್ಟು ದೊಡ್ಡ ಪೆಟ್ಟು. ಇಂಥ ಕಡೆ ಸರ್ವರ್ ಬಿದ್ದಾಗ ಏನು ಮಾಡಬೇಕು ಅನ್ನುವ ಲಿಖಿತ ನಿಯಮ ಜನರಿಗೆ ಮೊದಲೇ ಗೊತ್ತಿರಬೇಕು ಅನ್ನುವುದು ನನ್ನ ಒತ್ತಾಯ. ಟೋಕನ್ ಹಾಳಾಗುತ್ತದಾ ಇಲ್ಲವಾ ಅಷ್ಟಾದರೂ.

ಹಾಗಾದರೆ ಮಾಡಬೇಕಾದ್ದೇನು? ಎರಡು ಬ್ಯಾಕಪ್ ಡಿಸ್ಕ್ ಇಟ್ಟುಕೊಳ್ಳಿ, ಒಂದು ಯಾವಾಗಲೂ ಬಿಚ್ಚಿಟ್ಟಿರಲಿ, ಅದೂ ಬೇರೆ ಕಟ್ಟಡದಲ್ಲಿರಲಿ. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಡೇಟಾ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಬ್ಯಾಕಪ್ ಆಗುತ್ತಿದೆ ಅಂತ ಹೇಳುವವರು ಬೇಕಾದಷ್ಟು ಜನ, ತೆರೆದು ನೋಡಿದವರು ಬಹಳ ಕಡಿಮೆ. ಗ್ರಾಹಕರ, ಸಪ್ಲೈಯರ್‌ಗಳ, ಬ್ಯಾಂಕಿನವರ ಫೋನ್ ನಂಬರ್ ಕಾಗದದಲ್ಲಿ ಇರಲಿ. ಖಾಲಿ ಬಿಲ್ ಬುಕ್ಕು, ಚಲನ್ ಬುಕ್ಕು ಬೀರುವಿನಲ್ಲಿರಲಿ. ವರ್ಷಕ್ಕೊಂದು ದಿನ ಅರ್ಧ ಹೊತ್ತು ಕಂಪ್ಯೂಟರ್ ಮುಟ್ಟದೆ ಕೆಲಸ ನಡೆಸಿ ನೋಡಿ, ಎಲ್ಲಿ ಸಿಕ್ಕಿಕೊಳ್ಳುತ್ತೀರಿ ಅನ್ನುವುದು ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹಳಬರು ಕೆಲಸ ಬಿಡುವ ಮೊದಲು ಅವರ ಜೊತೆ ಕೂತು ಎಲ್ಲವನ್ನೂ ಬರೆದಿಟ್ಟುಕೊಳ್ಳಿ.

ದಾಳಿ ಆಗಿದೆ ಅಂತ ಗೊತ್ತಾದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಬಿಚ್ಚಿಟ್ಟ ಬ್ಯಾಕಪ್ ಡಿಸ್ಕನ್ನು ಆತುರದಲ್ಲಿ ಅದೇ ಕಂಪ್ಯೂಟರ್‌ಗೆ ಸಿಕ್ಕಿಸಬೇಡಿ, ಅದೂ ಹೋಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕು ಅನ್ನುವುದು 2022ರಿಂದ ಇರುವ ನಿಯಮ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಾನ ಹೋಗುತ್ತದೆ ಅಂತ ಮುಚ್ಚಿಡುವವರು ಜಾಸ್ತಿ, ಹಾಗೆ ಮಾಡಿದರೆ ಪಕ್ಕದ ಘಟಕಕ್ಕೂ ಅದೇ ಗತಿ ಬರುತ್ತದೆ.

ಕೊನೆಗೆ ಒಂದು ಮಾತು, ಇದರಲ್ಲಿ ತುಂಬಾ ಜನ ತಪ್ಪುತ್ತಾರೆ. ಲಾಕ್ ಆದ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ. ಹೊಸ ಡಿಸ್ಕ್ ಹಾಕಿ ಕೆಲಸ ಶುರು ಮಾಡಿ, ಹಳೆಯದನ್ನು ತೆಗೆದು ತಾರೀಖು ಬರೆದು ಇಡಿ. ಯುರೋಪೋಲ್, ಡಚ್ ಪೊಲೀಸರು ಮತ್ತು ಕೆಲವು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರಾನ್ಸಮ್ ಅನ್ನುವ ತಾಣ ಇದೆ. ಎಷ್ಟೋ ಬಗೆಯ ರಾನ್ಸಮ್‌ವೇರ್‌ಗಳನ್ನು ಬಿಡಿಸುವ ಸಾಫ್ಟ್‌ವೇರ್ ಅಲ್ಲಿ ಉಚಿತವಾಗಿ ಸಿಗುತ್ತದೆ. ಕಳ್ಳರ ಗುಂಪು ಸಿಕ್ಕಿಬಿದ್ದಾಗ ಹೊಸ ಕೀಲಿಗಳು ಸೇರುತ್ತಾ ಹೋಗುತ್ತವೆ. ಇವತ್ತು ನಿಮ್ಮದಕ್ಕೆ ಕೀಲಿ ಇಲ್ಲದಿದ್ದರೂ ಮುಂದೊಂದು ದಿನ ಬರಬಹುದು. ಆಗ ಡಿಸ್ಕ್ ಕೈಯಲ್ಲಿರಬೇಕು.